ಇಪ್ಪತ್ತೈದು ಫೋಟೊ ಕಳಿಸಿದರೆ ಇಪ್ಪತ್ತೇ ಏಕೆ ಬರುತ್ತವೆ?

ಎಲ್ಲರಿಗೂ ನಮಸ್ಕಾರ. ದಿನವೂ ಪಿಎಚ್‌ಪಿ (ವೆಬ್ ಸರ್ವರ್‌ನಲ್ಲಿ ಓಡುವ ಭಾಷೆ) ಬರೆಯುವವರೇ ಇಲ್ಲಿ ಕೂತಿದ್ದೀರಿ, ಹಾಗಾಗಿ ಪೀಠಿಕೆ ಬೇಡ. ಅಪ್‌ಲೋಡ್ ಫಾರ್ಮ್‌ನಲ್ಲಿ ಒಂದು ಫೈಲ್ ಸಲೀಸಾಗಿ ಹೋಗುತ್ತದೆ. ಹತ್ತು ಆರಿಸಿದರೆ ಕೊನೆಯದೊಂದೇ ಬರುತ್ತದೆ, ಇಲ್ಲವೇ ಒಂದೂ ಬರುವುದಿಲ್ಲ. ತಕ್ಷಣ ನಾವು ಫೈಲುಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಲೂಪ್ ತಿದ್ದಲು ಕೂರುತ್ತೇವೆ. ನನ್ನ ತಕರಾರು ಇರುವುದೇ ಅಲ್ಲಿ. ಕೋಡ್ ಮುಟ್ಟಬೇಡಿ, ಬಂದದ್ದೇನು ಅಂತ ಮೊದಲು ನೋಡಿ. ಬಂದ ಫೈಲುಗಳ ವಿವರವನ್ನು ಪಿಎಚ್‌ಪಿ ತುಂಬಿಡುವ ಪಟ್ಟಿಯೇ ಫೈಲ್ಸ್ ಅರೇ, ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ಅದನ್ನು ಪ್ರಿಂಟ್ ಮಾಡಿ.

ಕೊನೆಯದೊಂದೇ ಬಂದಿದ್ದರೆ ಫಾರ್ಮ್‌ನ ಫೈಲ್ ಇನ್‌ಪುಟ್‌ನ ಹೆಸರಿನ ಕೊನೆಗೆ ಚೌಕ ಬ್ರಾಕೆಟ್ ಜೋಡಿ ಬಿಟ್ಟುಹೋಗಿದೆ. 'ಮಲ್ಟಿಪಲ್' ಎಂದು ಬರೆದರೆ ಬ್ರೌಸರ್ ಎಲ್ಲವನ್ನೂ ಕಳಿಸುತ್ತದೆ, ಆದರೆ ಬ್ರಾಕೆಟ್ ಇಲ್ಲದಿದ್ದರೆ ಪಿಎಚ್‌ಪಿ ಒಂದರ ಮೇಲೊಂದು ಬರೆದುಕೊಳ್ಳುತ್ತದೆ. ಅರೇ ಪೂರ್ತಿ ಖಾಲಿಯಿದ್ದು, ಪೋಸ್ಟ್‌ನಲ್ಲಿ (ಫಾರ್ಮ್‌ನ ಉಳಿದ ಮಾಹಿತಿ ಬರುವ ಅರೇ) ಫೈಲಿನ ಹೆಸರು ಮಾತ್ರ ಇದ್ದರೆ, ಫೈಲಿನ ಒಳಗಿನದ್ದನ್ನೂ ಕಳಿಸುವ ಮಲ್ಟಿಪಾರ್ಟ್ ಎನ್‌ಕೋಡಿಂಗ್ ಅನ್ನು ಫಾರ್ಮ್‌ಗೆ ಕೊಟ್ಟಿಲ್ಲ. ಇನ್ನು ಅರೇಯ ಆಕಾರ ಉಲ್ಟಾ: ಹೆಸರುಗಳೆಲ್ಲ ಒಂದು ಕಡೆ, ಫೈಲುಗಳನ್ನು ತಾತ್ಕಾಲಿಕವಾಗಿ ಇಟ್ಟ ಜಾಗಗಳು, ಅಂದರೆ ಟೆಂಪ್ ದಾರಿಗಳೆಲ್ಲ ಇನ್ನೊಂದು ಕಡೆ, ಪ್ರತಿ ಫೈಲಿಗೆ ಏನಾಯಿತು ಎಂದು ಹೇಳುವ ಎರರ್ ನಂಬರ್‌ಗಳು ಮತ್ತೊಂದು ಕಡೆ. ಹೊರಗಿನ ಅರೇ ಮೇಲೆ ಲೂಪ್ ಓಡಿಸಿದರೆ ಎಷ್ಟೇ ಫೈಲ್ ಬಂದರೂ ಲೆಕ್ಕ ಬದಲಾಗುವುದಿಲ್ಲ. ಏನೂ ಆರಿಸದಿದ್ದರೂ ಹೆಸರುಗಳ ಎಣಿಕೆ 1 ಬರುತ್ತದೆ. ಆಗ ಎರರ್ ನಂಬರ್ 4, ಅಂದರೆ 'ಫೈಲೇ ಬಂದಿಲ್ಲ' ಎಂದಿರುತ್ತದೆ. ನೋಡಿ, ಮತ್ತೆ ಅಲ್ಲಿಗೇ ಬಂದೆವು: ನಂಬರ್ ನೋಡಿ.

ಈಗ ನನಗಿಷ್ಟವಾದ ಕೇಸ್. ಗ್ಯಾಲರಿ ಫಾರ್ಮ್, ಫೋನ್ ಫೋಟೊಗಳು, ಒಂದೊಂದೂ ಸುಮಾರು 4 ಎಂಬಿ. ಎಲ್ಲ ಡೀಫಾಲ್ಟ್ ಮಿತಿಗಳು ಹಾಗೇ ಇವೆ. ಪಿಎಚ್‌ಪಿಯ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದರ ಮಿತಿ 1 ಎಂಬಿ. ಒಂದು ಫೋಟೊಗೇ 413, ಅಂದರೆ 'ಕಳಿಸಿದ್ದು ಮಿತಿಗಿಂತ ದೊಡ್ಡದು' ಎಂಬ ಉತ್ತರ. ಪಾಪ, ಅದಾದರೂ ಬಾಯಿಬಿಟ್ಟು ಹೇಳುತ್ತದೆ. ಅದನ್ನು ಹೆಚ್ಚಿಸಿದಿರಿ. ಈಗ ಒಂದು ಫೋಟೊ ಕಳಿಸಿದರೆ ಎರರ್ 1, ಏಕೆಂದರೆ ಪಿಎಚ್‌ಪಿಯಲ್ಲಿ ಫೈಲೊಂದಕ್ಕೆ ಮಿತಿ 2 ಎಂಬಿ. ಮೂರು ಕಳಿಸಿದರೆ ಎರರೂ ಇಲ್ಲ, ಫೈಲೂ ಇಲ್ಲ! ಇಡೀ ಪೋಸ್ಟ್‌ಗೆ ಮಿತಿ 8 ಎಂಬಿ. ದಾಟಿದರೆ ಪೋಸ್ಟ್, ಫೈಲ್ಸ್ ಎರಡೂ ಅರೇ ಖಾಲಿ. ಅವುಗಳ ಜೊತೆ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮದೇ ಪುಟದಿಂದ ಬಂತೆಂದು ಖಚಿತಪಡಿಸುವ ಗುಟ್ಟಿನ ಸಂಕೇತ) ಕೂಡ ಮಾಯ. ಫ್ರೇಮ್‌ವರ್ಕ್ 'ಟೋಕನ್ ಸರಿಯಿಲ್ಲ' ಎನ್ನುತ್ತದೆ, ತಂಡವೆಲ್ಲ ಸೆಷನ್ ಹುಡುಕುತ್ತಾ ಸಂಜೆ ಕಳೆಯುತ್ತದೆ. ಬ್ರೌಸರ್ ಕಳಿಸಿದ ಒಟ್ಟು ಗಾತ್ರ ಹೇಳುವ ಕಂಟೆಂಟ್ ಲೆಂತ್ ದೊಡ್ಡದಿದ್ದು ಪೋಸ್ಟ್ ಖಾಲಿಯಿದ್ದರೆ ಕಾರಣ ಇದೇ. ಪಿಎಚ್‌ಪಿ ಲಾಗ್‌ನಲ್ಲೂ ಒಂದು ವಾರ್ನಿಂಗ್ ಇರುತ್ತದೆ.

ಸರಿ, ಅವನ್ನೂ ಹೆಚ್ಚಿಸಿದಿರಿ. 25 ಕಳಿಸಿದರೆ 20 ಬರುತ್ತವೆ. ಒಂದು ರಿಕ್ವೆಸ್ಟ್‌ಗೆ ಇಷ್ಟೇ ಫೈಲ್ ಎಂಬ ಮೂರನೇ ಮಿತಿ ಇದೆ, ಡೀಫಾಲ್ಟ್ 20. ಉಳಿದ ಐದಕ್ಕೆ ಎರರ್ ನಂಬರೂ ಸಿಗದು, ಅರೇಯಲ್ಲಿ ಜಾಗವೇ ಇರುವುದಿಲ್ಲ. ಆದ್ದರಿಂದ ಎಷ್ಟು ಆರಿಸಿದರು ಎಂಬ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್‌ನಿಂದ ಬೇರೆಯಾಗಿ ಕಳಿಸಿ, ಸರ್ವರ್‌ನಲ್ಲಿ ತಾಳೆ ನೋಡಿ.

ಲೆಕ್ಕ ಹೀಗೆ: ಫೈಲಿಗೆ 8 ಎಂಬಿ, 25 ಫೈಲ್ ಎಂದರೆ 200, ಪೋಸ್ಟ್ ಮಿತಿ 210, ಎಂಜಿನ್‌ಎಕ್ಸ್‌ನಲ್ಲೂ 210, ಫೈಲ್ ಸಂಖ್ಯೆ 30. ಸ್ಕ್ರಿಪ್ಟಿನೊಳಗೆ ಮಿತಿ ಬದಲಿಸಲು ಇನಿ ಸೆಟ್ ಫಂಕ್ಷನ್ ಹಾಕಿ ಪ್ರಯೋಜನವಿಲ್ಲ. ಸ್ಕ್ರಿಪ್ಟ್ ಶುರುವಾಗುವ ಹೊತ್ತಿಗೆ ಅಪ್‌ಲೋಡ್ ಮುಗಿದಿರುತ್ತದೆ. ಟರ್ಮಿನಲ್‌ನಲ್ಲಿ ನೋಡಿದ ಪಿಎಚ್‌ಪಿ ಇನಿ (ಈ ಮಿತಿಗಳಿರುವ ಸೆಟ್ಟಿಂಗ್ ಫೈಲ್) ಬೇರೆ, ವೆಬ್‌ಗಾಗಿ ಪಿಎಚ್‌ಪಿ ಓಡಿಸುವ ಎಫ್‌ಪಿಎಂ ಓದುವುದು ಬೇರೆ ಇರಬಹುದು. ಜಾರಿಯಲ್ಲಿರುವ ಸೆಟ್ಟಿಂಗ್‌ಗಳನ್ನೆಲ್ಲ ತೋರಿಸುವ ಪಿಎಚ್‌ಪಿ ಇನ್ಫೋವನ್ನು ಬ್ರೌಸರ್‌ನಲ್ಲೇ ತೆರೆದು ನೋಡಿ, ನೋಡಿದ ಮೇಲೆ ಆ ಪುಟ ಅಳಿಸಿ.

ಚೀಟಿ ಬಂತು, ಐದೇ ನಿಮಿಷವಂತೆ. ಉಳಿದದ್ದನ್ನು ಓಡಿಸುತ್ತೇನೆ. ಎಲ್ಲ ಬಂದರೂ ಫೋಲ್ಡರ್‌ನಲ್ಲಿ ಒಂದೇ ಫೈಲ್ ಇದ್ದರೆ, ಸೆಕೆಂಡಿನ ಲೆಕ್ಕ ಕೊಡುವ ಟೈಮ್ ಫಂಕ್ಷನ್‌ನಿಂದ ಹೆಸರಿಟ್ಟಿದ್ದೀರಿ. ಒಂದೇ ಸೆಕೆಂಡಿನಲ್ಲಿ ಎಲ್ಲವಕ್ಕೂ ಒಂದೇ ಹೆಸರು. ಹೆಸರಿಗೆ ರ‍್ಯಾಂಡಮ್ ಬೈಟ್ಸ್ ಫಂಕ್ಷನ್ ಬಳಸಿ. ಎರರ್ 6 ಎಂದರೆ ಟೆಂಪ್ ಫೋಲ್ಡರ್ ಇಲ್ಲ, 7 ಎಂದರೆ ಡಿಸ್ಕ್‌ಗೆ ಬರೆಯಲಾಗಲಿಲ್ಲ. 5 ಎಂಬುದು ಇಲ್ಲವೇ ಇಲ್ಲ, ಹುಡುಕಬೇಡಿ. ಎರರ್ 0 (ಅಪ್‌ಲೋಡ್ ಸರಿಯಾಗಿದೆ) ಇದ್ದೂ ಫೈಲ್ ನಿಮ್ಮ ಫೋಲ್ಡರ್‌ಗೆ ಮೂವ್ ಆಗದಿದ್ದರೆ ಫೋಲ್ಡರ್ ಪರ್ಮಿಷನ್ ನೋಡಿ. 777 (ಎಲ್ಲರಿಗೂ ಬರೆಯುವ ಅನುಮತಿ) ಕೊಡಬೇಡಿ, ಫೋಲ್ಡರ್‌ನ ಮಾಲೀಕರನ್ನು ಸರಿಪಡಿಸಿ. ಜಾವಾಸ್ಕ್ರಿಪ್ಟ್‌ನ ಫೆಚ್‌ನಿಂದ ಕಳಿಸುವವರು ಕಂಟೆಂಟ್ ಟೈಪ್ ಹೆಡರ್ ಕೈಯಾರೆ ಹಾಕಬೇಡಿ, ಭಾಗಗಳನ್ನು ಬೇರ್ಪಡಿಸುವ ಬೌಂಡರಿ ಗುರುತು ತಪ್ಪಿಹೋಗುತ್ತದೆ. ಬ್ರೌಸರ್ ಹೇಳುವ ಫೈಲ್ ಬಗೆಯನ್ನು ನಂಬದೆ, ಫೈಲಿನ ಒಳಗನ್ನೇ ನೋಡಿ ಬಗೆ ಹೇಳುವ ಪಿಎಚ್‌ಪಿಯ ಫೈಲ್‌ಇನ್ಫೋದಿಂದ ಪರೀಕ್ಷಿಸಿ. ಪ್ರಶ್ನೆಗಳಿದ್ದರೆ ಕೇಳಿ, ಎರರ್ ನಂಬರ್ ಸಮೇತ.