ಟಿಡಬ್ಲ್ಯೂಎ ಹೋಟೆಲ್: ಹಳೇ ಟರ್ಮಿನಲ್ ಒಳಗೆ ಒಂದೂ ರೂಮಿಲ್ಲ, ಯಾಕೆ?

ಇದು ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟ್. ಎದುರಿಗಿರೋದು ವಾಸ್ತುಶಿಲ್ಪಿ ಏರೋ ಸಾರಿನೆನ್ ವಿನ್ಯಾಸ ಮಾಡಿದ, ಟಿಡಬ್ಲ್ಯೂಎ (ಟ್ರಾನ್ಸ್ ವರ್ಲ್ಡ್ ಏರ್‌ಲೈನ್ಸ್) ಅನ್ನೋ ವಿಮಾನ ಕಂಪನಿಯ ಟರ್ಮಿನಲ್. 1962ರಲ್ಲಿ ಶುರುವಾಗಿ 2001ರಲ್ಲಿ ಮುಚ್ಚಿತು, 2019ರ ಮೇನಲ್ಲಿ ಹೋಟೆಲ್ ಆಗಿ ತೆರೀತು. ಸಾರಿನೆನ್ 1961ರಲ್ಲೇ ತೀರಿಹೋಗಿದ್ದರಿಂದ ಮುಗಿದ ಕಟ್ಟಡ ನೋಡೋ ಯೋಗ ಅವರಿಗಿರಲಿಲ್ಲ.

512 ರೂಮುಗಳ ಹೋಟೆಲ್ ಇದು. ಆದ್ರೆ ಈ ಹಳೇ ಟರ್ಮಿನಲ್ ಒಳಗೆ ಒಂದೂ ರೂಮಿಲ್ಲ. ತಲೆ ಎತ್ತಿ ನೋಡಿ: ಚಾವಣಿ ಅಂದ್ರೆ ಚಿಪ್ಪಿನಂತೆ ಬಾಗಿದ ನಾಲ್ಕು ಕಾಂಕ್ರೀಟ್ ಹೊದಿಕೆ, ಅವನ್ನ ಹೊರೋಕೆ ನಾಲ್ಕೇ ನಾಲ್ಕು ವೈ ಆಕಾರದ ಕಂಬ, ಚಿಪ್ಪುಗಳ ಸಂದಿಯಲ್ಲಿ ಗಾಜು. ನೇರವಾದ ಗೋಡೆ ಹುಡುಕಿದ್ರೂ ಸಿಗೋದು ಕಷ್ಟ. ಇಲ್ಲಿ ರೂಮು ಮಾಡಹೊರಟರೆ ಪ್ರತಿಯೊಂದಕ್ಕೂ ನೀರಿನ ಪೈಪು, ಎಸಿ ಡಕ್ಟು, ಬೆಂಕಿ ಆರಿಸೋ ಸ್ಪ್ರಿಂಕ್ಲರ್ ಅಂತ ಎಲ್ಲೆಂದರಲ್ಲಿ ಕೊರೀಬೇಕು. 1994ರಿಂದ ಇದು ನಗರದ ಸಂರಕ್ಷಿತ ಕಟ್ಟಡ ಬೇರೆ. ಹಾಗಾಗಿ ಇದನ್ನ ಲಾಬಿ, ಊಟದ ಜಾಗ ಅಂತ ಉಳಿಸಿಕೊಂಡು, ರೂಮುಗಳನ್ನ ಹಿಂದುಗಡೆ ಎರಡು ಹೊಸ ವಿಂಗ್‌ಗೆ ಹಾಕಿದ್ರು. ಕಾನ್ಫರೆನ್ಸ್ ಹಾಲ್ ನೆಲದಡಿ ಹೋಯ್ತು. ಇಡೀ ಪ್ರಾಜೆಕ್ಟಿನಲ್ಲಿ ಅತಿ ಜಾಣ ನಿರ್ಧಾರ ಇದೇ.

ಈಗ ಕಿಟಕಿ ಹತ್ತಿರ ಬನ್ನಿ. 486 ಗಾಜು ಬದಲಾಯಿಸಿದ್ದಾರೆ. ಅಂಚಿನ ಈ ಕಪ್ಪು ರಬ್ಬರ್ ಪಟ್ಟಿ ನೋಡಿ, ಇದು ನಿಯೋಪ್ರೀನ್ ಗ್ಯಾಸ್ಕೆಟ್. ಒಂದು ತುಟಿ ಚೌಕಟ್ಟು ಹಿಡಿಯುತ್ತೆ, ಇನ್ನೊಂದು ಗಾಜು ಹಿಡಿಯುತ್ತೆ. ನಡುವಿನ ಸೀಳಿಗೆ ತೆಳು ರಬ್ಬರ್ ಎಳೆ ತುರುಕಿದ್ರೆ ಎರಡೂ ಬಿಗಿಯಾಗುತ್ತೆ. ಹಳೇ ಅಂಬಾಸಿಡರ್ ಕಾರಿನ ಮುಂಗಾಜು ಕೂತಿರೋದೂ ಹೆಚ್ಚುಕಮ್ಮಿ ಹೀಗೇ. ಬಿಸಿಲು ತಿಂದು ರಬ್ಬರ್ ಗಟ್ಟಿಯಾದಾಗ ಹಿಡಿತ ಸಡಿಲವಾಗಿ ನೀರು ಒಳಗೆ ಬರುತ್ತೆ, ಅದೂ ಮೊದಲು ಮೂಲೆಗಳಲ್ಲಿ. ಸಿಲಿಕೋನ್ ಮೆತ್ತಿದ್ರೆ ಅಗ್ಗ, ಆದ್ರೆ ಹಳೇ ನೋಟ ಹಾಳು, ಮುಂದೆ ಗಾಜು ತೆಗೆಯೋದೂ ತಲೆನೋವು. ಅದೇ ಹಳೇ ಪದ್ಧತಿಗೆ ಅಂಟಿಕೊಂಡಿದ್ದು ಸರಿ.

ಹೊಸ ವಿಂಗ್‌ನ ಸಮಸ್ಯೆ ಬೇರೆ: ಪಕ್ಕದಲ್ಲೇ ರನ್‌ವೇ. ಇಲ್ಲಿನ ಗಾಜು ಏಳು ಪದರ, ನಾಲ್ಕೂವರೆ ಇಂಚು ದಪ್ಪ. ದಪ್ಪ ಇದ್ದರೆ ಸಾಕು ಅಂದ್ಕೋಬೇಡಿ. ಎಲ್ಲ ಹಾಳೆಗಳೂ ಒಂದೇ ದಪ್ಪ ಇದ್ದರೆ ಎಲ್ಲವೂ ಒಂದೇ ಸ್ವರಕ್ಕೆ ನಡುಗಿ, ಆ ಸ್ವರದ ಶಬ್ದ ಒಳಗೆ ದಾಟಿಬಿಡುತ್ತೆ. ಅದಕ್ಕೇ ಇಂಥ ಕಡೆ ಬೇರೆ ಬೇರೆ ದಪ್ಪದ ಹಾಳೆ, ನಡುವೆ ಪ್ಲಾಸ್ಟಿಕ್ ಪದರ, ಗಾಳಿಯ ಅಂತರ ಬೇಕು. ಇಷ್ಟೆಲ್ಲ ಮಾಡಿ ಅಂಚಿನ ಸಂದಿ ಸರಿಯಾಗಿ ಮುಚ್ಚದಿದ್ರೆ ಮುಗೀತು. ಗೋಡೆಯಲ್ಲಿ ಶೇಕಡಾ 1ರಷ್ಟು ಸಂದಿ ಉಳಿದರೂ ತಡೆಯಾಗೋದು 20 ಡೆಸಿಬಲ್ ಅಷ್ಟೇ, ಗಾಜು ಎಂಥದ್ದೇ ಇರಲಿ.

ಇನ್ನು ಕರೆಂಟು. ಈ ಹೋಟೆಲ್ ಗ್ರಿಡ್, ಅಂದ್ರೆ ಊರಿನ ವಿದ್ಯುತ್ ಜಾಲ, ನೆಚ್ಚಿಕೊಳ್ಳದೆ ನೈಸರ್ಗಿಕ ಅನಿಲದಿಂದ ತನ್ನ ವಿದ್ಯುತ್ ತಾನೇ ಮಾಡಿಕೊಳ್ಳುತ್ತೆ. ಮಾಮೂಲಿ ಸ್ಥಾವರದಲ್ಲಿ ಇಂಧನದ ಅರ್ಧಕ್ಕಿಂತ ಹೆಚ್ಚು ಶಾಖವಾಗಿ ಗಾಳಿಪಾಲು. ಇಲ್ಲಿ ಆ ಶಾಖ ಬಿಸಿನೀರಿಗೆ, ಚಳಿಗಾಲದಲ್ಲಿ ರೂಮು ಬೆಚ್ಚಗಿಡೋಕೆ ಹೋಗುತ್ತೆ. ಬೇಸಿಗೆಯಲ್ಲಿ ಅಬ್ಸಾರ್ಪ್ಶನ್ ಚಿಲ್ಲರ್ ಅದೇ ಶಾಖದಿಂದ ತಂಪು ಮಾಡುತ್ತೆ. ಇಂಥ ವ್ಯವಸ್ಥೆಗೆ ಹೋಟೆಲ್ ಒಳ್ಳೇ ಜಾಗ, ಯಾಕಂದ್ರೆ ಸ್ನಾನ, ಅಡುಗೆಮನೆ, ಈಜುಕೊಳ ಅಂತ ಬಿಸಿನೀರಿಗೆ ವರ್ಷಪೂರ್ತಿ ಗಿರಾಕಿ ಇರುತ್ತೆ.

ಪೇಚು ಬರೋದು ಎರಡು ಕಡೆ. ದೊಡ್ಡ ಮೋಟರ್ ಒಮ್ಮೆಲೇ ಶುರುವಾದ್ರೆ ಗ್ಯಾಸ್ ಎಂಜಿನ್ ತಡವರಿಸಿ ವೋಲ್ಟೇಜ್ ಕುಸಿಯುತ್ತೆ. ಆ ಕ್ಷಣ ಬ್ಯಾಟರಿ ತುಂಬಿಕೊಡಬೇಕು. ಎಂಜಿನ್ ಸರ್ವೀಸಿಗೆ ನಿಂತಾಗ ಬದಲಿ ಎಂಜಿನ್ ಇರಲೇಬೇಕು, ಆಸರೆಗೆ ಗ್ರಿಡ್ ಇಲ್ಲವಲ್ಲ.

ಇದನ್ನ ಪೂರ್ತಿ ಹಸಿರು ಅನ್ನೋಕೆ ಮಾತ್ರ ಬಾಯಿ ಬರಲ್ಲ, ಉರಿಯೋದು ಅನಿಲವೇ. ಗ್ರಿಡ್ಡಿಗೆ ಸೌರ, ಪವನ ವಿದ್ಯುತ್ ಸೇರಿದಷ್ಟೂ ಇದರ ಲಾಭ ಕರಗುತ್ತೆ. ಪರಿಸರದ ಲೆಕ್ಕದಲ್ಲಿ ಗಟ್ಟಿ ಉಳಿತಾಯ ಅಂದ್ರೆ ಒಡೆಯದೇ ಬಿಟ್ಟ ಆ ಚಾವಣಿಯ ಕಾಂಕ್ರೀಟು, ಅಂಚಿನಲ್ಲಿ ಸುಮಾರು 7 ಇಂಚು, ಚಿಪ್ಪುಗಳು ಕೂಡೋ ನಡುವೆ 40 ಇಂಚು ದಪ್ಪ. ಟರ್ಮಿನಲ್ 5ರಿಂದ ಹಳೇ ಕೆಂಪು ಹಾಸಿನ ಸುರಂಗ ಹಿಡಿದು ನಡೆದು ಬನ್ನಿ, ಲಾಬಿಗೆ ಬಂದವರೇ ಮೊದಲು ಮೇಲೆ ನೋಡಿ.