ಗೇಟು ಯಾವ ಕಡೆಗಿದೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಇಷ್ಟೊಂದು ಜನ ಬಂದಿದ್ದೀರಿ, ತುಂಬಾ ಸಂತೋಷ. ನಮ್ಮ ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟ್‌ಗಳ ಬಗ್ಗೆ ಮಾತಾಡಿ ಅಂತ ಸಂಘದವರು ಕರೆದರು. ಕರೆಯುವಾಗಲೇ ಒಬ್ಬ ಹಿರಿಯರು, “ಇನ್ನು ಇಲ್ಲಿ ಕಟ್ಟಡವೇ ಬೇಡ ಅಂತ ಸ್ವಲ್ಪ ಗಟ್ಟಿಯಾಗಿ ಹೇಳಿ ಸರ್” ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಧೂಳು, ಲಾರಿ, ಟ್ಯಾಂಕರ್, ಎಲ್ಲವನ್ನೂ ನೀವು ದಿನಾ ನೋಡುತ್ತಿದ್ದೀರಿ. ಆದರೂ ಆ ಮಾತು ನಾನು ಹೇಳಲಾರೆ. ಮೆಟ್ರೋ ಸ್ಟೇಷನ್ ಪಕ್ಕದಲ್ಲಿ ಮನೆಗಳು ಬರಲೇಬೇಕು, ಈಗಿರುವುದಕ್ಕಿಂತ ಜಾಸ್ತಿ ಬರಬೇಕು ಅಂತ ನಂಬಿದವನು ನಾನು. ಆದರೆ ಎರಡು ಪ್ರಶ್ನೆ ಕೇಳಬೇಕು. ಆ ಮನೆ ಯಾರಿಗೆ? ಅದರ ಗೇಟು ಯಾವ ಕಡೆಗಿದೆ? ಇವೆರಡನ್ನು ಕೇಳದೆ ಕಟ್ಟುತ್ತಾ ಹೋದರೆ, ರೈಲಿಗೆ ಸುರಿದ ಸಾರ್ವಜನಿಕರ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. 2021ರ ಸಂಕ್ರಾಂತಿ ದಿನ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗೆ ಮೆಟ್ರೋದ ಹಸಿರು ಮಾರ್ಗ ಮುಂದುವರಿಯಿತು. ಸುಮಾರು 6 ಕಿಲೋಮೀಟರ್, ಐದು ಹೊಸ ಸ್ಟೇಷನ್. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ, ರೇಷ್ಮೆ ಸಂಸ್ಥೆ. ಹೆಸರುಗಳಲ್ಲೇ ಹಳ್ಳಿ ಇದೆ, ಅಲ್ವಾ? ಈ ರಸ್ತೆಯ ಎರಡೂ ಬದಿಯ ತೆಂಗಿನ ತೋಟ, ರಾಗಿ ಹೊಲ ನೋಡಿದವರು ಈ ಸಭೆಯಲ್ಲೇ ಇದ್ದೀರಿ. ಪಿಲ್ಲರ್ ಏಳುವ ಮೊದಲೇ ಜಾಹೀರಾತು ಫಲಕ ಎದ್ದವು. ‘ಮೆಟ್ರೋಗೆ ಐದೇ ನಿಮಿಷ’ ಅಂತ.

ಆ ಐದು ನಿಮಿಷದ ಕಥೆ ಸ್ವಲ್ಪ ನೋಡೋಣ. ನಮ್ಮ ರಸ್ತೆಯಲ್ಲೇ ಒಂದು ದೊಡ್ಡ ಅಪಾರ್ಟ್‌ಮೆಂಟ್ ಇದೆ. ಹೆಸರು ಬೇಡ, ಅಂಥವು ಬೇಕಾದಷ್ಟಿವೆ. ಅದರ ಬಾಲ್ಕನಿಯಲ್ಲಿ ನಿಂತರೆ ಪ್ಲಾಟ್‌ಫಾರ್ಮ್ ಕಾಣುತ್ತದೆ. ಬಾಗಿಲು ಮುಚ್ಚುವ ಸದ್ದೂ ಕೇಳುತ್ತದೆ. ಆದರೆ ಸ್ಟೇಷನ್ ಕಡೆಗೆ ಇರುವುದು ಎತ್ತರದ ಕಾಂಪೌಂಡ್ ಗೋಡೆ, ಅದರ ಮೇಲೆ ಮುಳ್ಳುತಂತಿ. ಗೇಟು ಇರುವುದು ಹಿಂದಿನ ರಸ್ತೆಗೆ, ಯಾಕೆಂದರೆ ಕಾರು ಹೊರಗೆ ಬರಲು ಆ ಕಡೆ ಸಲೀಸು. ನಡೆದು ಹೋಗುವವರು ಇಡೀ ಕಾಂಪೌಂಡ್ ಸುತ್ತಬೇಕು. ಸುತ್ತುವಾಗ ಫುಟ್‌ಪಾತ್ ಇದೆಯೇ? ಸ್ವಲ್ಪ ದೂರ ಇದೆ. ಆಮೇಲೆ ಟ್ರಾನ್ಸ್‌ಫಾರ್ಮರ್ ಅಡ್ಡ. ಅದನ್ನು ದಾಟಿದರೆ ಚರಂಡಿಯ ಚಪ್ಪಡಿ ಒಂದು ಎದ್ದು ನಿಂತಿದೆ, ಪಕ್ಕದ್ದು ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಯಾವುದು ಚಪ್ಪಡಿ, ಯಾವುದು ಗುಂಡಿ ಅಂತ ತಿಳಿಯುವುದಿಲ್ಲ. ಸಂಜೆ ಕತ್ತಲಾದ ಮೇಲೆ ಹೆಣ್ಣುಮಕ್ಕಳು ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮೊಬೈಲ್ ಟಾರ್ಚ್ ಹಿಡಿದು ಅಲ್ಲಿ ನಡೆಯುತ್ತಾರೆ. ಹೀಗಿದ್ದ ಮೇಲೆ ಮನೆಯವರು ಏನು ಮಾಡುತ್ತಾರೆ ಹೇಳಿ? ಕಾರು ತೆಗೆಯುತ್ತಾರೆ. ಮೆಟ್ರೋ ತಲೆ ಮೇಲೆ ಓಡುತ್ತದೆ, ಕೆಳಗೆ ಕಾರು ಸಾಲುಗಟ್ಟಿ ನಿಂತಿರುತ್ತದೆ. ಗೋಡೆಯಲ್ಲಿ ಒಂದು ಚಿಕ್ಕ ಗೇಟು, ಅದಕ್ಕೊಬ್ಬ ಕಾವಲಿನವರು, ಅಷ್ಟು ಸಾಕಿತ್ತು.

ಕಾರಿನ ಮಾತು ಬಂತಲ್ಲ, ಒಂದು ಲೆಕ್ಕ ಹೇಳುತ್ತೇನೆ. ಫ್ಲ್ಯಾಟಿಗೆ ಇಷ್ಟು ಕಾರಿನ ಜಾಗ ಬಿಡಲೇಬೇಕು ಅಂತ ನಮ್ಮ ಊರುಗಳ ಕಟ್ಟಡ ನಿಯಮ ಹೇಳುತ್ತದೆ. ಬೇಸ್‌ಮೆಂಟಿನಲ್ಲಿ ಒಂದು ಕಾರಿಗೆ, ಓಡಾಡುವ ದಾರಿಯೂ ಸೇರಿ, 32 ಚದರ ಮೀಟರ್ ಬೇಕು ಅಂತ ದೆಹಲಿಯ 2021ರ ಮಾಸ್ಟರ್ ಪ್ಲಾನ್ ಲೆಕ್ಕ ಹಾಕಿದೆ. ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಬಡ ಕುಟುಂಬದ ಇಡೀ ಮನೆಗೆ ಇಟ್ಟ ಅಳತೆ ಎಷ್ಟು ಗೊತ್ತಾ? 30 ಚದರ ಮೀಟರ್. ಒಂದು ಕಾರು ಮಲಗುವ ಜಾಗ ಒಂದು ಸಂಸಾರದ ಮನೆಗಿಂತ ದೊಡ್ಡದು! ಆ ಬೇಸ್‌ಮೆಂಟ್ ಅಗೆಯುವ ಖರ್ಚು ಯಾರ ಮೇಲೆ ಬೀಳುತ್ತದೆ? ಫ್ಲ್ಯಾಟಿನ ಬೆಲೆ ಮೇಲೆ. ಕಾರೇ ಇಲ್ಲದವರೂ ಅದನ್ನು ಕಟ್ಟಬೇಕು. ರೈಲು ಇಲ್ಲದ ಜಾಗದಲ್ಲಿ ಈ ನಿಯಮ ಇದ್ದರೆ ಒಪ್ಪೋಣ. ಸ್ಟೇಷನ್ನಿನ ಬಾಗಿಲಲ್ಲೇ ಇದು ಯಾಕೆ ಬೇಕು?

ನಾನು ಹೋದಲ್ಲೆಲ್ಲ ಹೇಳುವ ಒಂದು ಪ್ರಸಂಗವಿದೆ. ಸ್ವಲ್ಪ ಉದ್ದವಾದರೂ ಕೇಳಿ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಮಿನಿಯಾಪೊಲಿಸ್, ಸೇಂಟ್ ಪಾಲ್ ಅಂತ ಜೋಡಿ ಊರುಗಳಿವೆ, ನಮ್ಮ ಹುಬ್ಬಳ್ಳಿ-ಧಾರವಾಡದ ಹಾಗೆ. ಹಿಂದೆ ಎರಡರಲ್ಲೂ ಟ್ರಾಮ್ ಓಡುತ್ತಿತ್ತು. 1954ರ ಹೊತ್ತಿಗೆ ಎಲ್ಲ ಕಿತ್ತುಹಾಕಿದರು. ಸೇಂಟ್ ಪಾಲಿನಲ್ಲಿ ರಾಂಡೋ ಅಂತ ಕರಿಯ ಜನರ ಕೇರಿ ಇತ್ತು. ಅಂಗಡಿ, ಚರ್ಚು, ಸಂಘ, ಎಲ್ಲ ಇದ್ದ ತುಂಬಿದ ಕೇರಿ. 50 ಮತ್ತು 60ರ ದಶಕದಲ್ಲಿ ಅದರ ನಡುವೆಯೇ ಹೆದ್ದಾರಿ ಹಾಯಿಸಿದರು. ನೂರಾರು ಮನೆ ಹೋದವು. ಆ ಜನ ಅದನ್ನು ಮರೆತಿರಲಿಲ್ಲ.

ಅರ್ಧ ಶತಮಾನದ ಮೇಲೆ ಎರಡೂ ಊರು ಸೇರಿಸುವ ಲೈಟ್ ರೈಲಿನ ಯೋಜನೆ ಬಂತು. ಸುಮಾರು 18 ಕಿಲೋಮೀಟರ್. ಅದರ ಬಹುಪಾಲು ಯೂನಿವರ್ಸಿಟಿ ಅವೆನ್ಯೂ ಅನ್ನುವ ಬೀದಿಯ ಮಧ್ಯದಲ್ಲೇ, ನೆಲದ ಮೇಲೆ. ನಕ್ಷೆ ಬಿಡಿಸಿ ನೋಡಿದರೆ, ಬಡವರು ಜಾಸ್ತಿ ಇರುವ ಪೂರ್ವದ ಭಾಗದಲ್ಲಿ ಸ್ಟೇಷನ್ನುಗಳು ಒಂದೊಂದು ಮೈಲಿ ದೂರ. ಕರಿಯರು, ಲಾವೋಸ್, ವಿಯೆಟ್ನಾಂಗಳಿಂದ ಬಂದ ಸಂಸಾರಗಳು, ಕಾರಿಲ್ಲದ ಮನೆಗಳು ಇರುವುದು ಅಲ್ಲಿಯೇ. ರೈಲು ಅವರ ಮನೆ ಮುಂದೆ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಅಲ್ಲಿ ಮೈನಸ್ 20 ಡಿಗ್ರಿಗೂ ಇಳಿಯುತ್ತದೆ. ಆ ಹಿಮದಲ್ಲಿ ಅರ್ಧ ಮೈಲಿ ನಡೆಯಬೇಕು ಅಂದರೆ ಮುದುಕರು, ಕೂಸು ಎತ್ತಿಕೊಂಡ ತಾಯಿ ರೈಲು ಹತ್ತಿದ ಹಾಗೆಯೇ.

ಕೇಳಿದರೆ ಅಧಿಕಾರಿಗಳು ಲೆಕ್ಕ ತೋರಿಸಿದರು. ಕೇಂದ್ರ ಸರ್ಕಾರದ ದುಡ್ಡು ಬರಬೇಕಾದರೆ, ಹಾಕಿದ ಖರ್ಚಿಗೆ ಪ್ರಯಾಣದ ಹೊತ್ತು ಎಷ್ಟು ಉಳಿಯುತ್ತದೆ ಅಂತ ಅಳೆಯುವ ಒಂದು ಸೂತ್ರ ಇತ್ತು. ಸ್ಟೇಷನ್ ಹೆಚ್ಚಿಸಿದರೆ ಖರ್ಚು ಏರುತ್ತದೆ, ರೈಲು ನಿಧಾನವಾಗುತ್ತದೆ, ಸೂತ್ರದಲ್ಲಿ ಫೇಲಾಗುತ್ತದೆ. ಸಣ್ಣ ನೆಪವಲ್ಲ ಅದು. ಆದರೆ ಜನ ಬಿಡಲಿಲ್ಲ. ಕೇರಿಯ ಸಂಘಗಳು, ಚರ್ಚುಗಳು, ಬೇರೆ ಬೇರೆ ಭಾಷೆಯ ಜನ ಒಂದಾದರು. ವೆಸ್ಟರ್ನ್, ವಿಕ್ಟೋರಿಯಾ, ಹ್ಯಾಮ್ಲಿನ್ ಅನ್ನುವ ಮೂರು ಅಡ್ಡರಸ್ತೆಗಳಲ್ಲಿ ರೈಲು ನಿಲ್ಲಲೇಬೇಕು ಅಂತ ಹಿಡಿದ ಪಟ್ಟು ಬಿಡಲಿಲ್ಲ. ಸಿಟಿ ಹಾಲಿನಿಂದ ವಾಷಿಂಗ್ಟನ್‌ವರೆಗೆ ಮಾತು ಹೋಯಿತು. 2010ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ಸೂತ್ರವನ್ನೇ ಸಡಿಲಿಸಿತು. ಆಮೇಲೆ ಮೂರೂ ಸ್ಟೇಷನ್ ಮಂಜೂರಾದವು. 2014ರ ಜೂನ್ 14ರಂದು ಗ್ರೀನ್ ಲೈನ್ ಓಡಿದಾಗ ಮೂರೂ ಕಡೆ ರೈಲು ನಿಂತಿತು. ಅವರದ್ದೂ ಗ್ರೀನ್ ಲೈನ್, ನೋಡಿ!

ಇದನ್ನು ಯಾಕೆ ಹೇಳಿದೆ? ಆ ಜನ ರೈಲು ಬೇಡ ಅನ್ನಲಿಲ್ಲ. ನಮ್ಮ ಕಡೆಗೆ ಬಾಗಿಲು ತೆಗೆಯಿರಿ ಅಂದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಗೇಟು ಯಾವ ಕಡೆಗಿದೆ ಅಂತ ಕೇಳಿದರು.

ಮುಂದೆ ಆ ಬೀದಿಯಲ್ಲಿ ಹೊಸ ಅಪಾರ್ಟ್‌ಮೆಂಟ್‌ಗಳು ಬಂದವು. 2021ರಲ್ಲಿ ಎರಡೂ ಊರುಗಳು ‘ಇಷ್ಟು ಪಾರ್ಕಿಂಗ್ ಬಿಡಲೇಬೇಕು’ ಅನ್ನುವ ನಿಯಮವನ್ನೇ ತೆಗೆದುಹಾಕಿದವು. ಕಾರು ಇಡಬೇಡಿ ಅಂತಲ್ಲ. ಬೇಕಾದವರು ಕಟ್ಟಲಿ, ಕಟ್ಟಲೇಬೇಕು ಅಂತ ಸರ್ಕಾರ ಹೇಳುವುದಿಲ್ಲ, ಅಷ್ಟೇ. ಅದೇ ವರ್ಷ ಸೇಂಟ್ ಪಾಲಿನ ಜನ ಮತ ಹಾಕಿ ಬಾಡಿಗೆಗೂ ಕಡಿವಾಣ ಹಾಕಿದರು. ವರ್ಷಕ್ಕೆ ನೂರಕ್ಕೆ 3ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ, ಹೊಸ ಕಟ್ಟಡಕ್ಕೂ ಇದೇ ನಿಯಮ. ಹೊಸದಾಗಿ ಕಟ್ಟುವವರು ಹಿಂದೆ ಸರಿದರು, ಅರ್ಜಿಗಳು ಇಳಿದವು. 2022ರಲ್ಲಿ ಹೊಸ ಕಟ್ಟಡಗಳಿಗೆ 20 ವರ್ಷ ವಿನಾಯಿತಿ ಕೊಡಬೇಕಾಯಿತು. ಇರುವ ಬಾಡಿಗೆದಾರರನ್ನು ಕಾಪಾಡಬೇಕು, ಹೊಸ ಮನೆಗಳೂ ಬರಬೇಕು. ಒಂದನ್ನು ಬಿಟ್ಟು ಇನ್ನೊಂದು ಆಗುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ. ಎಲ್ಲರೂ ಎಲೆಕ್ಟ್ರಾನಿಕ್ ಸಿಟಿ ಅಂದರು, ಐಟಿ ಅಂದರು. ನಡುವೆ ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್ ಇವೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಅಲ್ಲಿ ಒಂದೊಂದು ಕೋಣೆಯ ಬಾಡಿಗೆ ಮನೆಗಳಲ್ಲಿದ್ದಾರೆ. ಸ್ಟೇಷನ್ ಬಂದ ಮೇಲೆ ಹಳೆಯ ಮನೆ ಮಾಲೀಕರಿಗೆ ಆಸೆ ಹುಟ್ಟುತ್ತದೆ. ಆ ಶೀಟಿನ ಮನೆಗಳ ಸಾಲು ಕೆಡವಿ ಐದು ಮಹಡಿ ಕಟ್ಟುತ್ತಾರೆ. ಅದು ಅವರ ಹಕ್ಕು, ನಾನು ತಪ್ಪು ಅನ್ನುವುದಿಲ್ಲ. ಆದರೆ ಅಲ್ಲಿದ್ದ ಹೆಣ್ಣುಮಗಳು ಎಲ್ಲಿಗೆ ಹೋಗುತ್ತಾಳೆ? ಹೊಸ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಎಲ್ಲಿಂದ ತರುತ್ತಾಳೆ? ಇನ್ನೂ ಆಚೆ, ರೈಲಿಲ್ಲದ ಕಡೆ ಹೋಗುತ್ತಾಳೆ. ರೈಲು ಬೇಕಾದವಳು ರೈಲಿನಿಂದ ದೂರ ಹೋದಳು. ಎರಡು ಕಾರು ಇರುವವರು ಸ್ಟೇಷನ್ ಪಕ್ಕಕ್ಕೆ ಬಂದರು. ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

2017ರಲ್ಲಿ ಕೇಂದ್ರ ಸರ್ಕಾರವೇ ಒಂದು ನೀತಿ ಹೊರಡಿಸಿತು. ಸ್ಟೇಷನ್ ಸುತ್ತ 500ರಿಂದ 800 ಮೀಟರ್ ಒಳಗೆ ಎತ್ತರಕ್ಕೆ, ಒತ್ತಾಗಿ ಕಟ್ಟಿ, ನಡೆಯಲು ದಾರಿ ಮಾಡಿ, ಕಡಿಮೆ ಆದಾಯದವರ ಮನೆಗೂ ಪಾಲು ಇಡಿ ಅಂತ. ನೀತಿಯ ಮೊದಲ ಅರ್ಧ ಎಲ್ಲರಿಗೂ ಇಷ್ಟ. ಎಫ್‌ಎಆರ್, ಅಂದರೆ ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ, ಅದನ್ನು ಜಾಸ್ತಿ ಮಾಡಿ ಅಂದರೆ ಬಿಲ್ಡರ್‌ಗಳು ಮೊದಲು ಬರುತ್ತಾರೆ. ಫುಟ್‌ಪಾತ್, ಸಣ್ಣ ಮನೆ ಅಂದಾಗ ಯಾರೂ ಇರುವುದಿಲ್ಲ. ಮೆಟ್ರೋ ಬಂದಿದ್ದರಿಂದ ಆ ಜಾಗಕ್ಕೆ ಬೆಲೆ ಬಂತು. ಮೆಟ್ರೋ ಕಟ್ಟಿದ್ದು ನಮ್ಮ ನಿಮ್ಮ ತೆರಿಗೆಯಿಂದ. ಹೆಚ್ಚಿನ ಮಹಡಿಗೆ ಅನುಮತಿ ಕೊಡುವಾಗ ಸಣ್ಣ ಮನೆಗಳನ್ನು ಕೇಳುವುದು ದಾನ ಕೇಳಿದ ಹಾಗಲ್ಲ. ನಮ್ಮ ಪಾಲು ಕೇಳುವುದು.

ಸಣ್ಣ ಮನೆ ಈ ಊರಿಗೆ ಹೊಸದೇನಲ್ಲ. ಚಾಮರಾಜಪೇಟೆ, ಮಲ್ಲೇಶ್ವರದ ವಠಾರದಲ್ಲಿ ಬೆಳೆದವರು ಇಲ್ಲಿ ಕೈ ಎತ್ತಿ ನೋಡೋಣ. ನೋಡಿ, ಎಷ್ಟು ಜನ! ಗುಮಾಸ್ತರು, ಮೇಷ್ಟರು, ಅಡುಗೆಯವರು, ಓದಲು ಬಂದ ಹುಡುಗರು ಒಂದೇ ಅಂಗಳದಲ್ಲಿ ಇದ್ದರು, ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಬೆಳಗ್ಗೆ ನಲ್ಲಿ ಮುಂದೆ ಕೊಡ ಇಟ್ಟು ಕಾಯುವುದು, ಎಲ್ಲರಿಗೂ ಸೇರಿ ಒಂದೇ ಕಕ್ಕಸು, ಅದು ಮತ್ತೆ ಬರಲಿ ಅಂತ ನಾನು ಹೇಳುತ್ತಿಲ್ಲ. ಪೇಟೆ ಮಧ್ಯೆ, ಕೈಗೆಟುಕುವ ಬಾಡಿಗೆಗೆ, ಬೇರೆ ಬೇರೆ ಸಂಬಳದವರು ಒಟ್ಟಿಗೆ ಇದ್ದರಲ್ಲ, ಅದು ಬರಲಿ. ಸ್ಟೇಷನ್ ಪಕ್ಕ 300, 400 ಚದರ ಅಡಿಯ, ಒಳಗೇ ನಲ್ಲಿ, ಶೌಚಾಲಯ ಇರುವ, ಕಾರು ಜಾಗ ಇಲ್ಲದ ಬಾಡಿಗೆ ಮನೆಗಳನ್ನು ಯಾಕೆ ಕಟ್ಟಬಾರದು?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತೆ. ಇನ್ನೂ ನಾಲ್ಕು ವಿಷಯ ಬಾಕಿ ಇತ್ತು, ಬೇಗ ಬೇಗ ಹೇಳುತ್ತೇನೆ.

ನೀರು. 2024ರ ಬೇಸಿಗೆ ಯಾರೂ ಮರೆತಿಲ್ಲ. ಅದೇ ಅಕ್ಟೋಬರಿನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಬಂತು, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್. ಪೈಪ್ ಸಂಪರ್ಕ ಮೊದಲು, ಗೃಹಪ್ರವೇಶ ಆಮೇಲೆ ಅಂತ ಹಟ ಹಿಡಿಯಿರಿ. ಬೋರ್‌ವೆಲ್ ನಂಬಿ ಇನ್ನೂರು ಮನೆ ಕಟ್ಟುವುದನ್ನು ಒಪ್ಪಬೇಡಿ.

ಟಿಕೆಟ್ ದರ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ರೈಲು ದುಬಾರಿ. ಪಕ್ಕದಲ್ಲೇ ಮನೆ ಇದ್ದರೂ ಬಡವರು ಪ್ಲಾಟ್‌ಫಾರ್ಮ್ ಹತ್ತುವುದಿಲ್ಲ. ಫೀಡರ್ ಬಸ್ ವಿಷಯ ಇನ್ನೊಂದು ದಿನಕ್ಕೆ ಇಡುತ್ತೇನೆ. ತುರಹಳ್ಳಿ ಕಾಡಿನ ಅಂಚಿನ ಕಟ್ಟಡಗಳದ್ದೂ ಅಷ್ಟೇ, ಅದಕ್ಕೆ ಬೇರೆ ಸಭೆಯೇ ಬೇಕು.

ಕೊನೆಗೆ ಕೆಲಸದ ಮಾತು. ಈಗ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ, ಕಚೇರಿಗಳು ಮೊದಲಿಗಿಂತ ಹತ್ತಿರ ಬಂದಿವೆ. ಮುಂದಿನ ಸಲ ನಿಮ್ಮ ಬೀದಿಯಲ್ಲಿ ಹೊಸ ಯೋಜನೆ ಬಂದಾಗ ‘ಬೇಡ’ ಅಂತ ಒಂದು ಸಾಲು ಬರೆದು ಸಹಿ ಹಾಕಬೇಡಿ. ಸ್ಟೇಷನ್ ಕಡೆಗೆ ನಡೆಯುವವರ ಗೇಟು ಎಲ್ಲಿ, ಕಾರಿಗೆ ಎಷ್ಟು ಜಾಗ, ಸಣ್ಣ ಮನೆ ಎಷ್ಟು, ನೀರು ಎಲ್ಲಿಂದ, ಈ ನಾಲ್ಕನ್ನೂ ಕನ್ನಡದಲ್ಲೇ ಬರೆದು ಕೇಳಿ. ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಸ್ಟೇಷನ್ನಿಂದ ನಿಮ್ಮ ಮನೆವರೆಗಿನ ಫುಟ್‌ಪಾತಿನಲ್ಲಿ ಎಲ್ಲೆಲ್ಲಿ ಚಪ್ಪಡಿ ಇಲ್ಲ ಅಂತ ಪಟ್ಟಿ ಮಾಡಿ ಅದರ ಜೊತೆಗೇ ಕೊಡಿ. ಅರ್ಜಿಯ ಮಾದರಿ ಹಿಂದಿನ ಮೇಜಿನ ಮೇಲಿದೆ, ಹೋಗುವಾಗ ಒಂದೊಂದು ತೆಗೆದುಕೊಳ್ಳಿ.

ಅಲ್ಲಿ ಮೂರನೇ ಸಾಲಿನಲ್ಲಿ ಅಮ್ಮ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಅವರಿಗೆ ಮೈಕ್ ಕೊಡಿ. ಹೇಳಿ ಅಮ್ಮ, ನಿಮ್ಮ ಮನೆ ಯಾವ ಸ್ಟೇಷನ್ ಹತ್ತಿರ?