ಯಾಕೆ ಹಿಡಿದಿದ್ದೀರಿ? ರಾಜನನ್ನೂ ಕೇಳಬಹುದಾದ ಪ್ರಶ್ನೆಯ ಕಥೆ

[ಪರದೆ ಮೇಲೆ: ಲಂಡನ್, ನವೆಂಬರ್ 1627]

ನಮಸ್ಕಾರ. ಲಂಡನ್ನಿನಲ್ಲಿ ಐದು ಜನ ಜೈಲಿನಲ್ಲಿದ್ದಾರೆ. ಕಳ್ಳರಲ್ಲ, ಕೊಲೆಗಾರರೂ ಅಲ್ಲ. ನೈಟ್ ಪದವಿ ಇದ್ದ ಗಣ್ಯರು. ರಾಜ ಒಂದನೇ ಚಾರ್ಲ್ಸ್ ಯುದ್ಧದ ಖರ್ಚಿಗೆ ಅಂತ ಜನರಿಂದ ಬಲವಂತದ ಸಾಲ ಎತ್ತುತ್ತಿದ್ದ. ಅದಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಇರಲಿಲ್ಲ. ಈ ಐವರು ಕೊಡಲ್ಲ ಅಂದರು. ಹಿಡಿದು ಒಳಗೆ ಹಾಕಿದರು.

ಇವರ ಪರವಾಗಿ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹೋಯಿತು. ನಮ್ಮ ಪೇಪರಿನಲ್ಲೂ ಆಗಾಗ ಬರುತ್ತಲ್ಲ, ಅದೇ. ಕೋರ್ಟು ಜೈಲಿನ ಅಧಿಕಾರಿಗೆ ಹೇಳುತ್ತದೆ: ಆ ಮನುಷ್ಯನನ್ನು ನನ್ನ ಮುಂದೆ ತಂದು ನಿಲ್ಲಿಸು, ಯಾಕೆ ಇಟ್ಟುಕೊಂಡಿದ್ದೀಯ ಹೇಳು. ಜೈಲಿನಿಂದ ಉತ್ತರ ಬಂತು: "ರಾಜರ ವಿಶೇಷ ಆಜ್ಞೆಯ ಮೇರೆಗೆ." ಅಷ್ಟೇ. ಯಾವ ಕಾನೂನು ಮುರಿದರು, ವಿಚಾರಣೆ ಯಾವಾಗ, ಒಂದು ಮಾತೂ ಇಲ್ಲ. ನ್ಯಾಯಾಧೀಶರು ಜಾಮೀನು ಕೊಡದೆ ಮತ್ತೆ ಜೈಲಿಗೇ ಕಳಿಸಿದರು.

ಮೂಲಭೂತ ಹಕ್ಕು ಅಂದ ಕೂಡಲೇ ಸಮಾನತೆ, ಸ್ವಾತಂತ್ರ್ಯ ಅಂತ ದೊಡ್ಡ ದೊಡ್ಡ ಮಾತು ನೆನಪಾಗುತ್ತವೆ. ನನಗೆ ಮಾತ್ರ ಈ ಇತಿಹಾಸದ ಜೀವ ಇರುವುದು ಒಂದು ಸಣ್ಣ ಪ್ರಶ್ನೆಯಲ್ಲಿ ಅನಿಸುತ್ತದೆ: ಯಾಕೆ ಹಿಡಿದಿದ್ದೀರಿ? ಉತ್ತರ ಹೇಳದಿದ್ದರೆ ಏನು ಮಾಡುವುದು ಅನ್ನೋದು ತೀರ್ಮಾನ ಆಗಲು ಇಂಗ್ಲೆಂಡಿನಲ್ಲಿ ನಾಲ್ಕೂವರೆ ಶತಮಾನ ಹಿಡಿಯಿತು.

[ದೃಶ್ಯ: ಥೇಮ್ಸ್ ದಂಡೆಯ ರನ್ನಿಮೀಡ್ ಹುಲ್ಲುಗಾವಲು]

ಸ್ವಲ್ಪ ಹಿಂದೆ ಹೋಗೋಣ. 1215ರ ಜೂನ್ 15. ರಾಜ ಜಾನ್ ಫ್ರಾನ್ಸಿನ ನಾರ್ಮಂಡಿಯನ್ನು ಕಳೆದುಕೊಂಡಿದ್ದ. ಅದನ್ನು ಮತ್ತೆ ಗೆಲ್ಲುತ್ತೇನೆ ಅಂತ ತೆರಿಗೆ ಹಿಂಡಿದ, ಆದರೂ ಸೋತ. ರೊಚ್ಚಿಗೆದ್ದ ಬ್ಯಾರನ್‌ಗಳು, ಅಂದರೆ ದೊಡ್ಡ ಪಾಳೆಯಗಾರರು, ಲಂಡನ್ನನ್ನೇ ವಶ ಮಾಡಿಕೊಂಡರು. ಬೇರೆ ದಾರಿ ಕಾಣದೆ ಜಾನ್ ಒಂದು ಒಪ್ಪಂದಕ್ಕೆ ಮುದ್ರೆ ಒತ್ತಿಸಿದ. ಅದೇ ಮ್ಯಾಗ್ನಾ ಕಾರ್ಟಾ.

ಓದಿ ನೋಡಿದರೆ ಆಶ್ಚರ್ಯ ಆಗುತ್ತೆ. ನದಿಯಲ್ಲಿ ಮೀನು ಹಿಡಿಯಲು ಹಾಕಿದ ತಡೆಗಳನ್ನು ಕಿತ್ತುಹಾಕಬೇಕು ಅನ್ನುವ ಕಲಮು ಕೂಡ ಅದರಲ್ಲಿದೆ. ಇಂಥವುಗಳ ನಡುವೆ 39ನೇ ಕಲಮು ಇದೆ. ಯಾವ ಸ್ವತಂತ್ರ ಮನುಷ್ಯನನ್ನೂ ಅವನ ಸಮಾನರ ತೀರ್ಪಿಲ್ಲದೆ, ಇಲ್ಲವೇ ನಾಡಿನ ಕಾನೂನಿನ ಆಧಾರವಿಲ್ಲದೆ ಹಿಡಿಯುವಂತಿಲ್ಲ, ಸೆರೆಯಲ್ಲಿಡುವಂತಿಲ್ಲ, ಅವನ ಆಸ್ತಿ ಕಿತ್ತುಕೊಳ್ಳುವಂತಿಲ್ಲ.

"ಸ್ವತಂತ್ರ ಮನುಷ್ಯ" ಅಂದಿದ್ದಾರೆ, ಗಮನಿಸಿ. ಒಡೆಯನ ಜಮೀನಿಗೆ ಕಟ್ಟುಬಿದ್ದ ರೈತರು ಆ ಲೆಕ್ಕಕ್ಕೆ ಬರಲಿಲ್ಲ. ಅಂಥವರ ಸಂಖ್ಯೆ ಆಗ ಜಾಸ್ತಿಯೇ ಇತ್ತು. ಪತ್ರವೂ ಬಹಳ ದಿನ ಬಾಳಲಿಲ್ಲ. ಹತ್ತೇ ವಾರದಲ್ಲಿ, ರಾಜನ ಕೋರಿಕೆ ಮೇಲೆ, ಪೋಪ್ ಮೂರನೇ ಇನ್ನೊಸೆಂಟ್ ಅದನ್ನು ರದ್ದು ಮಾಡಿದ. ಮರುವರ್ಷ ಜಾನ್ ಸತ್ತ. ಒಂಬತ್ತು ವರ್ಷದ ಮಗ ಪಟ್ಟಕ್ಕೆ ಬಂದ. ಹುಡುಗನ ಪರ ಆಡಳಿತ ನಡೆಸುತ್ತಿದ್ದವರಿಗೆ ಬ್ಯಾರನ್‌ಗಳ ಬೆಂಬಲ ಬೇಕಿತ್ತು. ಹಾಗಾಗಿ ಪತ್ರವನ್ನು ತಿದ್ದಿ ಮತ್ತೆ ಹೊರಡಿಸಿದರು. 1354ರ ಒಂದು ಕಾನೂನು ಈ ರಕ್ಷಣೆ ಯಾವ ಅಂತಸ್ತಿನ ಮನುಷ್ಯನಿಗಾದರೂ ಸಲ್ಲುತ್ತದೆ ಅಂದಿತು.

[ಪರದೆ ಮೇಲೆ: 1628]

ಈಗ ಮತ್ತೆ ಚಾರ್ಲ್ಸ್ ಕಾಲಕ್ಕೆ ಬರೋಣ. ದುಡ್ಡು ಸಾಲದೆ 1628ರಲ್ಲಿ ಅವನು ಪಾರ್ಲಿಮೆಂಟ್ ಕರೆಯಲೇಬೇಕಾಯಿತು. ಸಾಲ ಕೊಡದೆ ಜೈಲು ಕಂಡಿದ್ದವರಲ್ಲೇ ಹಲವರು ಗೆದ್ದು ಬಂದು ಒಳಗೆ ಕೂತರು. ಎಡ್ವರ್ಡ್ ಕೋಕ್ ಕೂಡ ಇದ್ದರು. ಮೊದಲು ಮುಖ್ಯ ನ್ಯಾಯಾಧೀಶರಾಗಿದ್ದು, ಚಾರ್ಲ್ಸ್‌ನ ಅಪ್ಪನ ಕಾಲದಲ್ಲಿ ಕೆಲಸ ಕಳೆದುಕೊಂಡವರು. ಆಗ ವಯಸ್ಸು ಎಪ್ಪತ್ತು ದಾಟಿತ್ತು. ಧೂಳು ಹಿಡಿದಿದ್ದ ಮ್ಯಾಗ್ನಾ ಕಾರ್ಟಾವನ್ನು ಎತ್ತಿ ರಾಜನ ಮುಂದೆ ಹಿಡಿದವರಲ್ಲಿ ಇವರು ಮುಖ್ಯರು. ಪಾರ್ಲಿಮೆಂಟು ಸಿದ್ಧಪಡಿಸಿದ ಹಕ್ಕುಗಳ ಮನವಿಯಲ್ಲಿ ಎರಡು ಮಾತು ಸ್ಪಷ್ಟವಾಗಿದ್ದವು. ನಮ್ಮ ಒಪ್ಪಿಗೆ ಇಲ್ಲದೆ ತೆರಿಗೆ ಇಲ್ಲ. ಕಾರಣ ಹೇಳದೆ ಜೈಲು ಇಲ್ಲ. ರಾಜನ ಪರಮಾಧಿಕಾರಕ್ಕೆ ಧಕ್ಕೆ ಬರದಂತೆ ಒಂದು ಸಾಲು ಸೇರಿಸಿ ಅಂತ ಮೇಲ್ಮನೆ ಕೇಳಿತು. ಮ್ಯಾಗ್ನಾ ಕಾರ್ಟಾ ತನ್ನ ಮೇಲೆ ಇನ್ನೊಬ್ಬ ಒಡೆಯನನ್ನು ಒಪ್ಪುವ ಆಸಾಮಿಯಲ್ಲ ಅಂದರು ಕೋಕ್.

ಚಾರ್ಲ್ಸ್ ಒಪ್ಪಿದ. ಮರುವರ್ಷವೇ ಪಾರ್ಲಿಮೆಂಟನ್ನು ವಿಸರ್ಜಿಸಿ, ಅಲ್ಲಿ ಎದುರು ಮಾತಾಡಿದವರನ್ನು ಜೈಲಿಗೆ ಹಾಕಿದ. ಹನ್ನೊಂದು ವರ್ಷ ಒಬ್ಬನೇ ಆಳಿದ. ಆಮೇಲೆ ಅಂತರ್ಯುದ್ಧ ನಡೆದು, 1649ರಲ್ಲಿ ಅವನ ತಲೆಯೇ ಹೋಯಿತು.

ಇಷ್ಟಾದರೂ ಜೈಲಿನ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಕೋರ್ಟಿನ ಆದೇಶ ಬರುವಷ್ಟರಲ್ಲಿ ಕೈದಿಯನ್ನು ಬೇರೆ ಜೈಲಿಗೆ ಸಾಗಿಸುತ್ತಿದ್ದರು. ಆದೇಶವೇ ತಲುಪದ ದ್ವೀಪಗಳಿಗೂ ಕಳಿಸುತ್ತಿದ್ದರು. ನ್ಯಾಯಾಧೀಶರು ಕೋರ್ಟಿಗೆ ರಜೆ ಅನ್ನುತ್ತಿದ್ದರು.

[ಗ್ರಾಫಿಕ್: 1679ರ ಕಾಯ್ದೆ, 3 ದಿನ, 10 ದಿನ, 20 ದಿನ]

1679ರ ಹೇಬಿಯಸ್ ಕಾರ್ಪಸ್ ಕಾಯ್ದೆ ಈ ಒಂದೊಂದು ಕಳ್ಳದಾರಿಯನ್ನೂ ಮುಚ್ಚಲು ಹೊರಟಿತು. ಕೋರ್ಟಿನಿಂದ 20 ಮೈಲಿ ಒಳಗಿದ್ದರೆ 3 ದಿನದಲ್ಲಿ ಕೈದಿಯನ್ನು ತರಬೇಕು. 100 ಮೈಲಿವರೆಗೆ 10 ದಿನ, ಅದಕ್ಕಿಂತ ದೂರವಾದರೆ 20 ದಿನ. ಬಂಧನದ ಆದೇಶದ ನಕಲು ಕೇಳಿದರೆ 6 ಗಂಟೆಯಲ್ಲಿ ಕೊಡಬೇಕು. ತಪ್ಪಿದ ಜೈಲು ಅಧಿಕಾರಿಗೆ 100 ಪೌಂಡ್ ದಂಡ. ರಜೆ ಅಂತ ನೆಪ ಹೇಳಿದ ನ್ಯಾಯಾಧೀಶನಿಗೆ 500 ಪೌಂಡ್. ಕೈದಿಯನ್ನು ಸಮುದ್ರದಾಚೆ ಕಳಿಸುವಂತಿಲ್ಲ.

ನನಗೆ ಮ್ಯಾಗ್ನಾ ಕಾರ್ಟಾಕ್ಕಿಂತ ಈ ಒಣ ಕಾಯ್ದೆಯ ಮೇಲೇ ಗೌರವ ಜಾಸ್ತಿ. ಅಧಿಕಾರಿಯ ಜೇಬಿಗೆ ಕತ್ತರಿ ಬೀಳುತ್ತೆ ಅಂದಾಗ ಹಕ್ಕಿಗೆ ಹಲ್ಲು ಬಂತು. ಆದರೂ ಒಂದು ಸಂದು ಉಳಿದಿತ್ತು. ಕೈದಿ ಕಟ್ಟಲಾಗದಷ್ಟು ಜಾಮೀನು ಕೇಳಲು ಶುರು ಮಾಡಿದರು. 1689ರ ಹಕ್ಕುಗಳ ಮಸೂದೆ ಅದನ್ನೂ ನಿಷೇಧಿಸಿತು.

[ದೃಶ್ಯ: ಥೇಮ್ಸ್ ನದಿಯಲ್ಲಿ ನಿಂತ ಹಡಗು]

1771ರಲ್ಲಿ ಇದೇ ಅರ್ಜಿ ಒಂದು ಹಡಗಿನವರೆಗೆ ಹೋಯಿತು. ಜೇಮ್ಸ್ ಸಾಮರ್ಸೆಟ್ ಅನ್ನುವ ಕಪ್ಪು ಗುಲಾಮ ಲಂಡನ್ನಿನಲ್ಲಿ ಯಜಮಾನನನ್ನು ಬಿಟ್ಟು ಹೋಗಿದ್ದ. ಅವನನ್ನು ಹಿಡಿದು, ಜಮೈಕಾದಲ್ಲಿ ಮಾರಲು ಹಡಗಿನಲ್ಲಿ ಸರಪಳಿ ಹಾಕಿ ಕೂರಿಸಿದ್ದರು. ಹಡಗಿನ ಕ್ಯಾಪ್ಟನ್ ಅವನನ್ನು ಕೋರ್ಟಿಗೆ ತರಬೇಕಾಯಿತು. ಗುಲಾಮನನ್ನು ಬಲವಂತವಾಗಿ ದೇಶದಾಚೆ ಸಾಗಿಸಲು ಇಲ್ಲಿನ ಕಾನೂನಿನಲ್ಲಿ ಅವಕಾಶ ಇಲ್ಲ ಅಂತ 1772ರ ಜೂನ್ 22ರಂದು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವನನ್ನು ಬಿಡುಗಡೆ ಮಾಡಿದರು.

ಹಾಗಾದರೆ ಅದೇ ಬ್ರಿಟಿಷರು ನಮ್ಮಲ್ಲಿ ಏನು ಮಾಡಿದರು? ಈಸ್ಟ್ ಇಂಡಿಯಾ ಕಂಪನಿ 1818ರಲ್ಲಿ ಬಂಗಾಳದಲ್ಲಿ ಒಂದು ನಿಯಮ ತಂದಿತು. ಅದರ ಪ್ರಕಾರ ವಿಚಾರಣೆಯೇ ಇಲ್ಲದೆ ಯಾರನ್ನಾದರೂ ಬಂಧಿಸಿಡಬಹುದು. 1907ರಲ್ಲಿ ಲಾಲಾ ಲಜಪತ್ ರಾಯ್ ಅವರನ್ನು ಬರ್ಮಾದ ಮಂಡಾಲೆಗೆ ಸಾಗಿಸಿದ್ದು ಇದೇ ನಿಯಮದಡಿ. ಅಲ್ಲಿ ನೂರಾರು ವರ್ಷ ಹೋರಾಡಿ ಗಳಿಸಿದ್ದನ್ನು ಇಲ್ಲಿ ಕೊಡಲಿಲ್ಲ. ಇದನ್ನು ಓದುವಾಗಲೆಲ್ಲ ಸಿಟ್ಟು ಬರುತ್ತೆ.

ನಮ್ಮ ಸಂವಿಧಾನದ 22ನೇ ವಿಧಿ ಹೇಳುತ್ತದೆ: ಬಂಧಿಸಿದವರಿಗೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಸುಪ್ರೀಂ ಕೋರ್ಟು ಹೇಬಿಯಸ್ ಕಾರ್ಪಸ್ ಬಾಗಿಲನ್ನೇ ಮುಚ್ಚಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ಪೂರ್ತಿ ತಳ್ಳಿಹೋದದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ಬೇರೊಂದು ಕೇಸಿನಲ್ಲಿ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದರೆ ಅದೇ 22ನೇ ವಿಧಿಯನ್ನು ಕೊನೆವರೆಗೂ ಓದಿ. ಮುನ್ನೆಚ್ಚರಿಕೆಯ ಬಂಧನಕ್ಕೆ, ಅಂದರೆ ಮುಂದೆ ಏನಾದರೂ ಮಾಡಬಹುದು ಅಂತ ಮೊದಲೇ ಹಿಡಿದಿಡುವುದಕ್ಕೆ, ಆ 24 ಗಂಟೆ ನಿಯಮ ಅನ್ವಯಿಸುವುದಿಲ್ಲ. ಸಲಹಾ ಮಂಡಳಿಯ ಅಭಿಪ್ರಾಯ ಇಲ್ಲದೆಯೇ 3 ತಿಂಗಳವರೆಗೆ ಇಟ್ಟುಕೊಳ್ಳಬಹುದು. 1978ರ 44ನೇ ತಿದ್ದುಪಡಿ ಇದನ್ನು 2 ತಿಂಗಳಿಗೆ ಇಳಿಸಿತು. ಪಾರ್ಲಿಮೆಂಟು ಒಪ್ಪಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆ ಒಂದು ಭಾಗವನ್ನು ಜಾರಿಗೆ ತರುವ ಅಧಿಸೂಚನೆಯನ್ನು ಮಾತ್ರ ಯಾವ ಸರ್ಕಾರವೂ ಹೊರಡಿಸಿಲ್ಲ.